ಜಾಕಿ ರಾಬಿನ್ಸನ್ ನಿಕ್ಸನ್ ಪರ ನಿಂತದ್ದೇಕೆ? ಬೇಸ್‌ಬಾಲ್ ಮತ್ತು ರಾಜಕೀಯದ ಬಗ್ಗೆ ಒಂದು ಪ್ರಶ್ನೆ

ಹಳೆಯ ಸ್ಕೋರ್‌ಕಾರ್ಡ್ ಬರೆದದ್ದು:

ಪ್ರತಿ ವರ್ಷ ಏಪ್ರಿಲ್ 15ರಂದು ಅಮೆರಿಕದ ಬೇಸ್‌ಬಾಲ್‌ನ ಮೇಜರ್ ಲೀಗ್‌ನ ಎಲ್ಲ ಆಟಗಾರರೂ ಜಾಕಿ ರಾಬಿನ್ಸನ್ ಅವರ 42 ಸಂಖ್ಯೆಯ ಅಂಗಿ ತೊಟ್ಟು ಆಡುವುದನ್ನು ನಾವೆಲ್ಲ ನೋಡುತ್ತೇವೆ. 1947ರಲ್ಲಿ ಅದೇ ದಿನ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಎಬೆಟ್ಸ್ ಫೀಲ್ಡ್‌ನಲ್ಲಿ ಮೊದಲ ಬೇಸ್ ಕಾಯಲು ಇಳಿದ ಜಾಕಿ ರಾಬಿನ್ಸನ್, ಹಿಂದಿನ ಶತಮಾನದಿಂದಲೂ ಕಪ್ಪು ವರ್ಣೀಯರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದರು. ಈ ಕಥೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆದರೆ ಇದೇ ರಾಬಿನ್ಸನ್ 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾನ್ ಕೆನಡಿಯವರನ್ನು ಬಿಟ್ಟು ರಿಚರ್ಡ್ ನಿಕ್ಸನ್ ಪರವಾಗಿ ಊರೂರು ಸುತ್ತಿ ಪ್ರಚಾರ ಮಾಡಿದ್ದರೆಂದು ಇತ್ತೀಚೆಗಷ್ಟೇ ತಿಳಿಯಿತು. ನನಗೆ ಇದು ಒಗಟಿನಂತೆ ಕಾಣುತ್ತಿದೆ. ಬಲ್ಲವರು ವಿವರಿಸಬಹುದೇ?

ಇದರ ಬೆನ್ನಿಗೇ ಇನ್ನೆರಡು ಸಂದೇಹಗಳಿವೆ. ಆಟಗಾರರು ಆಟವಾಡಿಕೊಂಡಿರಲಿ, ರಾಜಕೀಯ ಬೆರೆತದ್ದರಿಂದಲೇ ಈಚಿನ ವರ್ಷಗಳಲ್ಲಿ ಆಟ ಕೆಟ್ಟಿತು ಎಂಬ ಮಾತನ್ನು ಪಂದ್ಯ ನೋಡುವಾಗಲೆಲ್ಲ ಕೇಳುತ್ತೇನೆ. ರಾಜಕೀಯ ಬೆರೆಯದ ಬೇಸ್‌ಬಾಲ್ ಎಂಬುದು ನಿಜವಾಗಿಯೂ ಎಂದಾದರೂ ಇತ್ತೇ? ಇನ್ನೊಂದು, ಖ್ಯಾತಿಯೇ ಚುನಾವಣೆಯ ಬಂಡವಾಳ ಎನ್ನುವುದಾದರೆ ಬೇಸ್‌ಬಾಲ್ ತಾರೆಯರಲ್ಲಿ ವಾಷಿಂಗ್ಟನ್ ತಲುಪಿದವರು ಇಷ್ಟು ವಿರಳವಾಗಿರುವುದೇಕೆ?

ಎಬೆಟ್ಸ್ ಗ್ಯಾಲರಿ ಬರೆದದ್ದು:

ಇಂದಿನ ಎರಡು ಪಕ್ಷಗಳ ರೂಪವನ್ನು 1960ಕ್ಕೂ ಅನ್ವಯಿಸಿ ನೋಡುತ್ತಿರುವುದರಿಂದ ನಿಮಗೆ ಅದು ಒಗಟಾಗಿ ಕಾಣುತ್ತಿದೆ. ಆಗ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾನೂನುಗಳನ್ನು ಕಾಪಾಡಿಕೊಂಡು ಬಂದಿದ್ದವರು ಡೆಮಾಕ್ರಟಿಕ್ ಪಕ್ಷದವರೇ. ಲಿಂಕನ್‌ರ ಪಕ್ಷವೆಂಬ ನೆನಪಿನಿಂದ ರಿಪಬ್ಲಿಕನ್ನರಿಗೆ ಮತ ಹಾಕುವ ಕಪ್ಪು ವರ್ಣೀಯ ಕುಟುಂಬಗಳು ಇನ್ನೂ ಸಾಕಷ್ಟಿದ್ದವು, ಮತ್ತು ಆ ಚುನಾವಣೆಯಲ್ಲಿ ಅವರ ಮತಗಳಲ್ಲಿ ಸುಮಾರು ಮೂರನೇ ಒಂದು ಭಾಗ ನಿಕ್ಸನ್‌ಗೆ ಬಿದ್ದಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ತಂದೆಯೇ ಮೊದಲು ನಿಕ್ಸನ್ ಕಡೆಗಿದ್ದರು. ಹಾಗಾಗಿ ರಾಬಿನ್ಸನ್ ಏನೋ ವಿಚಿತ್ರವಾದ ದಾರಿ ಹಿಡಿದರೆಂದು ಭಾವಿಸಬೇಕಾಗಿಲ್ಲ.

ಅವರು ನೇರವಾಗಿ ನಿಕ್ಸನ್ ಬಳಿಗೆ ಹೋದವರೂ ಅಲ್ಲ. ಆ ವರ್ಷ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪ್ರಾಥಮಿಕ ಸುತ್ತಿನಲ್ಲಿ ಅವರು ಸೆನೆಟರ್ ಹ್ಯೂಬರ್ಟ್ ಹಂಫ್ರಿ ಪರ ಪ್ರಚಾರ ಮಾಡಿದ್ದರು. ಕೆನಡಿಯವರ ಮೇಲೆ ಅವರಿಗಿದ್ದ ಅಸಮಾಧಾನಕ್ಕೆ ಕಾರಣಗಳಿದ್ದವು. ವರ್ಣಭೇದವನ್ನು ಬಹಿರಂಗವಾಗಿ ಸಮರ್ಥಿಸುತ್ತಿದ್ದ ಅಲಬಾಮಾದ ಗವರ್ನರ್ ಜೊತೆ ಕೆನಡಿ ಉಪಾಹಾರಕ್ಕೆ ಕುಳಿತದ್ದನ್ನು ರಾಬಿನ್ಸನ್ ಮರೆಯಲಿಲ್ಲ. ಮುಂದೆ ಇಬ್ಬರೂ ಭೇಟಿಯಾದಾಗ ಕೆನಡಿ ತಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಲಿಲ್ಲವೆಂಬುದು ಅವರ ಮನಸ್ಸಿನಲ್ಲಿ ಉಳಿಯಿತು. ಇತ್ತ ಉಪಾಧ್ಯಕ್ಷರಾಗಿದ್ದ ನಿಕ್ಸನ್ 1957ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಬೆಂಬಲಿಸಿದ್ದರು, ರಾಬಿನ್ಸನ್ ಬರೆದ ಪತ್ರಗಳಿಗೆ ತಪ್ಪದೆ ಉತ್ತರಿಸುತ್ತಿದ್ದರು.

ಈ ನಂಟು ಮೊದಲು ಸಡಿಲವಾದದ್ದು 1960ರ ಅಕ್ಟೋಬರ್‌ನಲ್ಲಿ. ಅಟ್ಲಾಂಟಾದಲ್ಲಿ ಕಿಂಗ್ ಅವರ ಬಂಧನವಾಯಿತು. ಕಿಂಗ್ ಅವರ ಪತ್ನಿ ಕೊರೆಟಾಗೆ ಕೆನಡಿ ದೂರವಾಣಿ ಕರೆ ಮಾಡಿ ಧೈರ್ಯ ಹೇಳಿದರು. ನಿಕ್ಸನ್ ಕೂಡ ಬಾಯಿ ಬಿಡಬೇಕೆಂದು ರಾಬಿನ್ಸನ್ ಖುದ್ದಾಗಿ ಹೋಗಿ ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಬರಿಗೈಲಿ ಹೊರಬಂದ ರಾಬಿನ್ಸನ್ ಕಣ್ಣು ಒದ್ದೆಯಾಗಿತ್ತು ಎಂದು ಅಲ್ಲಿದ್ದವರು ಹೇಳಿದ್ದಾರೆ; ಆದರೂ ಚುನಾವಣೆ ಮುಗಿಯುವವರೆಗೆ ಅವರು ನಿಕ್ಸನ್ ಜೊತೆಗೇ ಉಳಿದರು. ಕಿಂಗ್ ಅವರ ತಂದೆ ಮಾತ್ರ ಆ ಒಂದು ಕರೆಯಿಂದಲೇ ಕೆನಡಿಯತ್ತ ತಿರುಗಿದರು. ನನ್ನ ಮಟ್ಟಿಗೆ, ರಾಬಿನ್ಸನ್ ಅವರ ಸಾರ್ವಜನಿಕ ಬದುಕಿನಲ್ಲಿ ಇದಕ್ಕಿಂತ ಕಷ್ಟದ ವಾರ ಇನ್ನೊಂದಿರಲಿಲ್ಲ. ಅವರೂ ಮುಂದೆ ಈ ತೀರ್ಮಾನಕ್ಕಾಗಿ ಪಶ್ಚಾತ್ತಾಪಪಟ್ಟರು.

1964ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೌ ಪ್ಯಾಲೇಸ್‌ನಲ್ಲಿ ನಡೆದ ರಿಪಬ್ಲಿಕನ್ ಸಮ್ಮೇಳನಕ್ಕೆ ಅವರು ನ್ಯೂಯಾರ್ಕ್ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಬೆಂಬಲಿಗರಾಗಿ ಹೋದರು. ನಾಗರಿಕ ಹಕ್ಕುಗಳ ಕಾಯಿದೆಯ ವಿರುದ್ಧ ಮತ ಹಾಕಿ ಆಗಿನ್ನೂ ಒಂದು ತಿಂಗಳು ಕಳೆಯದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಪಕ್ಷ ಅಭ್ಯರ್ಥಿಯನ್ನಾಗಿ ಆರಿಸಿತು. ಆ ಸಭಾಂಗಣದಲ್ಲಿ ಕುಳಿತಾಗ, ಹಿಟ್ಲರನ ಜರ್ಮನಿಯಲ್ಲಿ ಯಹೂದಿಯಾಗಿರುವುದೆಂದರೇನೆಂದು ತನಗೆ ಅರಿವಾಯಿತೆಂಬ ಅರ್ಥದ ಮಾತನ್ನು ರಾಬಿನ್ಸನ್ ಹೇಳಿದ್ದಾರೆ. ಆ ವರ್ಷ ಅವರು ಲಿಂಡನ್ ಜಾನ್ಸನ್ ಪರ ದುಡಿದರು, 1968ರಲ್ಲಿ ನಿಕ್ಸನ್ ಮತ್ತೆ ಕಣಕ್ಕಿಳಿದಾಗ ಹಂಫ್ರಿಯವರನ್ನು ಬೆಂಬಲಿಸಿದರು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ರಾಬಿನ್ಸನ್ ನಮ್ಮವರೆಂದು ಎರಡೂ ಕಡೆಯವರು ಎಳೆದಾಡುವುದನ್ನು ಕಂಡಿದ್ದೇನೆ. 1949ರಲ್ಲಿ ಪ್ರತಿನಿಧಿ ಸಭೆಯ ‘ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ’ ಸೋವಿಯತ್ ಒಕ್ಕೂಟದ ವಿರುದ್ಧ ಕಪ್ಪು ವರ್ಣೀಯರು ಯುದ್ಧಕ್ಕಿಳಿಯರು ಎಂದರೆನ್ನಲಾದ ಗಾಯಕ ಪಾಲ್ ರೋಬ್ಸನ್ ಅವರ ಮಾತನ್ನು ಖಂಡಿಸಲೆಂದು ಕರೆದಾಗ ರಾಬಿನ್ಸನ್ ಹೋದದ್ದನ್ನು ಒಂದು ಕಡೆಯವರು ಎತ್ತಿ ತೋರಿಸುತ್ತಾರೆ. ಅದೇ ಹೇಳಿಕೆಯಲ್ಲಿ, ಗುಂಪುಹತ್ಯೆಯನ್ನೂ ಪೊಲೀಸರ ಕ್ರೌರ್ಯವನ್ನೂ ಖಂಡಿಸುವವನು ಕಮ್ಯುನಿಸ್ಟ್ ಆದಮಾತ್ರಕ್ಕೆ ಅವನ ಆರೋಪ ಸುಳ್ಳಾಗುವುದಿಲ್ಲ ಎಂದೂ ಅವರು ಹೇಳಿದ್ದರು. ಆ ಭಾಗವನ್ನು ಯಾರೂ ಓದುವುದಿಲ್ಲ. 1972ರ ಆತ್ಮಕಥೆಯಲ್ಲಿ ಅವರು ರೋಬ್ಸನ್ ಬಗ್ಗೆ ತಮಗೆ ಗೌರವ ಹೆಚ್ಚಿದೆಯೆಂದು ಬರೆದರು. ಎದ್ದು ನಿಂತು ರಾಷ್ಟ್ರಗೀತೆ ಹಾಡಲು ತಮ್ಮಿಂದಾಗದು ಎಂದೂ ಬರೆದರು.

ಏಳನೇ ಇನಿಂಗ್ಸ್ ಬರೆದದ್ದು:

ಹಳೆಯ ಸ್ಕೋರ್‌ಕಾರ್ಡ್ ಅವರು ಟೀಕಿಸುತ್ತಿರುವ ಗುಂಪಿನಲ್ಲಿ ನಾನೂ ಒಬ್ಬ, ಹಾಗಾಗಿ ಆ ಪಕ್ಷದ ವಾದವನ್ನೂ ಕೇಳಿ. ರಾಬಿನ್ಸನ್ ಅವರ ಹೋರಾಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಹೋರಾಡಿದ್ದು ಆಟದೊಳಗೆ ಸೇರುವ ಹಕ್ಕಿಗಾಗಿ, ಅದು ಆಟಕ್ಕೇ ಸಂಬಂಧಿಸಿದ ವಿಷಯ. ತೆರಿಗೆ, ಯುದ್ಧ, ಗಡಿ, ಚುನಾವಣಾ ಕಾನೂನು ಇವುಗಳ ಬಗ್ಗೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಒಬ್ಬ ಶಾರ್ಟ್‌ಸ್ಟಾಪ್ ಆಟಗಾರನ ಅಭಿಪ್ರಾಯ ನನಗೇಕೆ ಬೇಕು? ಪಂದ್ಯ ನೋಡುವ ಎರಡೂವರೆ ಮೂರು ಗಂಟೆಗಳ ಕಾಲ (ಚೆಂಡೆಸೆಯುವ ಪಿಚರ್‌ಗೆ ಸಮಯದ ಮಿತಿ ಹಾಕುವ ಪಿಚ್ ಗಡಿಯಾರ 2023ರಲ್ಲಿ ಬಂದ ಮೇಲೆ ಮೂರು ಗಂಟೆಯೂ ಹಿಡಿಯುವುದಿಲ್ಲ) ಪಕ್ಕದ ಆಸನದವನು ಯಾರಿಗೆ ಮತ ಹಾಕಿದ್ದಾನೆಂದು ತಿಳಿಯದೆಯೇ ಅವನೊಂದಿಗೆ ಎದ್ದು ನಿಂತು ಕೂಗುವುದು ನನಗೆ ಸಿಕ್ಕುವ ಅಪರೂಪದ ಸುಖ. ಅದನ್ನು ಕಾಪಾಡಿಕೊಳ್ಳಬೇಕೆನ್ನುವುದು ಅಜ್ಞಾನವೂ ಅಲ್ಲ, ದುರುದ್ದೇಶವೂ ಅಲ್ಲ.

ಎಡಗೈ ಪಿಚರ್ ಬರೆದದ್ದು:

ಏಳನೇ ಇನಿಂಗ್ಸ್ ಅವರ ಸುಖ ನನಗೂ ಪರಿಚಿತವೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆಟಗಾರ ಬಾಯಿ ಬಿಟ್ಟಾಗ ಮಾತ್ರ ನಮಗೆ ರಾಜಕೀಯ ಕಣ್ಣಿಗೆ ಬೀಳುತ್ತದೆ, ಉಳಿದದ್ದು ಅಭ್ಯಾಸದಲ್ಲಿ ಮುಚ್ಚಿಹೋಗುತ್ತದೆ ಎಂಬುದು ನನ್ನ ತಕರಾರು.

ರಾಷ್ಟ್ರಗೀತೆಯನ್ನೇ ನೋಡೋಣ. ಮೊದಲ ಮಹಾಯುದ್ಧ ನಡೆಯುತ್ತಿದ್ದ 1918ರಲ್ಲಿ, ಷಿಕಾಗೋದಲ್ಲಿ ಕಬ್ಸ್ ಮತ್ತು ರೆಡ್ ಸಾಕ್ಸ್ ತಂಡಗಳ ನಡುವಿನ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಅನ್ನು ನಿರ್ಧರಿಸುವ ಅಂತಿಮ ಸರಣಿ) ಮೊದಲ ಪಂದ್ಯದಲ್ಲಿ, ಏಳನೇ ಇನಿಂಗ್ಸ್‌ನ ವಿರಾಮದಲ್ಲಿ ವಾದ್ಯವೃಂದ ಆ ಗೀತೆಯನ್ನು ನುಡಿಸಿತು (ನಿಮ್ಮ ಹೆಸರಿನ ಗಳಿಗೆಯೇ, ನೋಡಿ). ಕಾನೂನಿನ ಪ್ರಕಾರ ಅದು ರಾಷ್ಟ್ರಗೀತೆಯಾದದ್ದು 1931ರಲ್ಲಿ, ಹದಿಮೂರು ವರ್ಷಗಳ ನಂತರ. 1942ರ ಜನವರಿಯಲ್ಲಿ, ಯುದ್ಧ ನಡೆಯುತ್ತಿದ್ದರೂ ಆಟ ನಿಲ್ಲದಿರಲಿ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಅವರು ಬೇಸ್‌ಬಾಲ್‌ನ ಮುಖ್ಯಸ್ಥರಾದ ಕಮಿಷನರ್ ಲ್ಯಾಂಡಿಸ್‌ಗೆ ಪತ್ರ ಬರೆದರು. 2001ರ ಅಕ್ಟೋಬರ್ 30ರಂದು, ಅವಳಿ ಗೋಪುರಗಳು ಉರುಳಿ ಏಳು ವಾರಗಳಾಗಿದ್ದಾಗ, ಅಧ್ಯಕ್ಷ ಜಾರ್ಜ್ ಬುಷ್ ಗುಂಡು ನಿರೋಧಕ ಕವಚ ತೊಟ್ಟು ಯಾಂಕಿ ಸ್ಟೇಡಿಯಂನಲ್ಲಿ ಮೊದಲ ಚೆಂಡು ಎಸೆದರು. ಪಿಚರ್ ನಿಲ್ಲುವ ದಿಬ್ಬದ ಮೇಲಿನಿಂದಲೇ ಎಸೆಯಿರಿ, ನೆಲಕ್ಕೆ ಬಡಿದರೆ ಜನ ಗೇಲಿ ಮಾಡುತ್ತಾರೆ ಎಂದು ಯಾಂಕೀಸ್ ಆಟಗಾರ ಡೆರೆಕ್ ಜೀಟರ್ ಎಚ್ಚರಿಸಿದ್ದರಂತೆ. ಚೆಂಡು ನೇರವಾಗಿ ಹೋಯಿತು. ಅಂದು ನನಗೂ ಕಣ್ಣು ತುಂಬಿ ಬಂದಿತ್ತು. ಅದು ರಾಜಕೀಯವೆಂದು ಆಗ ಯಾರೂ ದೂರಲಿಲ್ಲ. 2004ರಲ್ಲಿ ಟೊರಾಂಟೋ ತಂಡದ ಕಾರ್ಲೋಸ್ ಡೆಲ್ಗಾಡೋ ಇರಾಕ್ ಯುದ್ಧವನ್ನು ವಿರೋಧಿಸಿ, ವಿರಾಮದಲ್ಲಿ ದೇಶಭಕ್ತಿಗೀತೆ ಕೇಳಿಬರುವಾಗ ಆಟಗಾರರು ಕೂರುವ ಡಗ್‌ಔಟ್‌ನಿಂದ ಹೊರಬರದೆ ಸುಮ್ಮನೆ ಉಳಿದರು. ಅವರು ಮೈದಾನದಲ್ಲಿ ಭಾಷಣವನ್ನೇನೂ ಮಾಡಲಿಲ್ಲ, ಆದರೂ ಯಾಂಕಿ ಸ್ಟೇಡಿಯಂನ ಪ್ರೇಕ್ಷಕರು ಹಂಗಿಸಿದರು. ಮುಂದೆ ನ್ಯೂಯಾರ್ಕಿನ ಮೆಟ್ಸ್ ತಂಡ ಸೇರಿದ ಮೇಲೆ ತಂಡದ ನಿಯಮಕ್ಕೆ ಕಟ್ಟುಬಿದ್ದು ಎದ್ದು ನಿಲ್ಲತೊಡಗಿದರು.

ಆದರೆ ಇವೆಲ್ಲ ಮೇಲ್ಪದರದ ಸಂಗತಿಗಳು. ಬೇಸ್‌ಬಾಲ್‌ನ ಅಸಲಿ ರಾಜಕೀಯ ಅಡಗಿರುವುದು ಕರಾರುಪತ್ರದಲ್ಲಿ. 1922ರಲ್ಲಿ ಸುಪ್ರೀಂ ಕೋರ್ಟ್ ಏಕಮತದಿಂದ ಒಂದು ತೀರ್ಪು ಕೊಟ್ಟಿತು, ಬರೆದವರು ನ್ಯಾಯಮೂರ್ತಿ ಹೋಮ್ಸ್. ಬೇಸ್‌ಬಾಲ್ ಪಂದ್ಯಗಳ ಪ್ರದರ್ಶನವು ಅಂತರರಾಜ್ಯ ವ್ಯಾಪಾರವಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ತಂಡಗಳು ರಾಜ್ಯದಿಂದ ರಾಜ್ಯಕ್ಕೆ ರೈಲಿನಲ್ಲಿ ಓಡಾಡಿ ಹಣ ಗಳಿಸುತ್ತಿದ್ದ ಕಾಲದಲ್ಲೇ ಈ ಮಾತು! ಈ ರಕ್ಷಣೆಯ ನೆರಳಿನಲ್ಲಿ ಮಾಲೀಕರು ರಿಸರ್ವ್ ಷರತ್ತನ್ನು ಉಳಿಸಿಕೊಂಡರು. ಒಮ್ಮೆ ಸಹಿ ಹಾಕಿದ ಆಟಗಾರ, ಕರಾರಿನ ಅವಧಿ ಮುಗಿದರೂ ಅದೇ ತಂಡದ ಸ್ವತ್ತು. ತಂಡ ಅವನನ್ನು ಮಾರಬಹುದು, ಬದಲಿಸಿಕೊಳ್ಳಬಹುದು, ಕೈಬಿಡಬಹುದು. ಅವನಿಗೆ ಉಳಿಯುತ್ತಿದ್ದ ದಾರಿ ಒಪ್ಪುವುದು ಇಲ್ಲವೇ ಆಟ ಬಿಡುವುದು.

ಇದನ್ನು ಎದುರಿಸಿದವರು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಸೆಂಟರ್ ಫೀಲ್ಡರ್ ಆಗಿ ಹನ್ನೆರಡು ವರ್ಷ ಆಡಿ ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಸತತ ಏಳು ಸಲ ಗೆದ್ದವರು. 1969ರ ಅಕ್ಟೋಬರ್‌ನಲ್ಲಿ ತಂಡ ಅವರನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಡಿಸೆಂಬರ್ 24ರಂದು ಅವರು ಕಮಿಷನರ್ ಬೋವೀ ಕೂನ್‌ಗೆ, ನನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಳ್ಳಲು ಮಾರಲು ನಾನೊಂದು ಆಸ್ತಿಯಲ್ಲ ಎಂಬರ್ಥದಲ್ಲಿ ಪತ್ರ ಬರೆದರು. ಆಗ ಅವರ ಸಂಬಳ ವರ್ಷಕ್ಕೆ 90,000 ಡಾಲರ್. ಇಷ್ಟು ದುಡಿಯುವವನಿಗೇನು ಗುಲಾಮಗಿರಿ ಎಂದು ಟಿವಿ ಸಂದರ್ಶನದಲ್ಲಿ ಕೇಳಿದಾಗ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂದರು. 1972ರಲ್ಲಿ ಸುಪ್ರೀಂ ಕೋರ್ಟ್ 5–3ರಿಂದ ಅವರ ಮೊಕದ್ದಮೆಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ತೀರ್ಪಿನ ಮೊದಲ ಭಾಗದಲ್ಲಿ ಹಳೆಯ ಆಟಗಾರರ ಹೆಸರುಗಳನ್ನು ಅಭಿಮಾನಿಯಂತೆ ಸಾಲುಸಾಲಾಗಿ ಪೋಣಿಸಿದರು. ತೀರ್ಪಿಗೆ ಒಪ್ಪಿದ ಇಬ್ಬರು ನ್ಯಾಯಮೂರ್ತಿಗಳು ಆ ಭಾಗಕ್ಕೆ ಮಾತ್ರ ಸೇರಲು ನಿರಾಕರಿಸಿದರು. 1922ರ ತೀರ್ಪು ಅಸಂಗತವೆಂದು ಒಪ್ಪಿಕೊಂಡರೂ ಅದನ್ನು ಸರಿಪಡಿಸುವ ಹೊಣೆಯನ್ನು ನ್ಯಾಯಾಲಯ ಕಾಂಗ್ರೆಸ್‌ಗೆ ದಾಟಿಸಿತು. ಆ ಕೆಲಸವೂ ಅರೆಬರೆಯಾಗಿ ನಡೆದದ್ದು 1998ರಲ್ಲಿ, ಫ್ಲಡ್ ಹೆಸರಿನ ಕಾಯಿದೆಯಿಂದ. ಅವರು ತೀರಿಕೊಂಡು ಆಗ ಒಂದು ವರ್ಷ ದಾಟಿತ್ತು.

ಈಗ ನಿಮ್ಮ ಚುನಾವಣಾ ಕಾನೂನಿನ ಉದಾಹರಣೆಗೇ ಬರುತ್ತೇನೆ. 2021ರಲ್ಲಿ ಜಾರ್ಜಿಯಾದ ಹೊಸ ಮತದಾನ ಕಾನೂನಿನ ವಿವಾದದಿಂದಾಗಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಆಲ್-ಸ್ಟಾರ್ ಪಂದ್ಯವನ್ನು ಅಟ್ಲಾಂಟಾದಿಂದ ಡೆನ್ವರ್‌ಗೆ ಸ್ಥಳಾಂತರಿಸಿದರು. ಆ ತಿಂಗಳಲ್ಲೇ ಟೆಡ್ ಕ್ರೂಜ್, ಮೈಕ್ ಲೀ, ಜೋಶ್ ಹಾಲಿ ಎಂಬ ಸೆನೆಟರ್‌ಗಳು ಬೇಸ್‌ಬಾಲ್‌ಗಿರುವ ಆ ಹಳೆಯ ವಿನಾಯಿತಿಯನ್ನೇ ರದ್ದುಮಾಡುವ ಮಸೂದೆ ತಂದರು. ಫ್ಲಡ್ ಆಟದ ಬದುಕನ್ನೇ ಪಣಕ್ಕಿಟ್ಟು ಪ್ರಶ್ನಿಸಿದ ಸವಲತ್ತು, ಲೀಗ್‌ಗೆ ಪಾಠ ಕಲಿಸುವ ಬೆತ್ತವಾಗಿ ಮರಳಿ ಬಂದಿತ್ತು. ಮಸೂದೆ ಕಾನೂನಾಗಲಿಲ್ಲ, ಪಂದ್ಯ 2025ರಲ್ಲಿ ಅಟ್ಲಾಂಟಾಕ್ಕೆ ಮರಳಿತು.

ಮೂರನೇ ಬೇಸ್ ಬರೆದದ್ದು:

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಎತ್ತಿಕೊಳ್ಳುತ್ತೇನೆ.

ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಆಟಗಾರರಲ್ಲಿ ಸೆನೆಟರ್ ಆದವರು ಜಿಮ್ ಬನಿಂಗ್ ಒಬ್ಬರೇ. 1964ರ ಜೂನ್ 21ರಂದು, ಅಪ್ಪಂದಿರ ದಿನದಂದು, ಏಳು ಮಕ್ಕಳ ತಂದೆಯಾಗಿದ್ದ ಅವರು ಫಿಲಡೆಲ್ಫಿಯಾ ಪರವಾಗಿ ಮೆಟ್ಸ್ ವಿರುದ್ಧ, ಎದುರಾಳಿಯ ಒಬ್ಬನನ್ನೂ ಬೇಸ್ ತಲುಪಲು ಬಿಡದ ‘ಪರ್ಫೆಕ್ಟ್ ಗೇಮ್’ ಎಸೆದರು. ಆ ಬಳಿಕ ಕೆಂಟಕಿಯಿಂದ ಹನ್ನೆರಡು ವರ್ಷ ಪ್ರತಿನಿಧಿ ಸಭೆಯಲ್ಲಿ, ಮತ್ತೆ ಹನ್ನೆರಡು ವರ್ಷ ಸೆನೆಟ್‌ನಲ್ಲಿ ರಿಪಬ್ಲಿಕನ್ ಸದಸ್ಯರಾಗಿದ್ದರು. ಅಲ್ಲಿ ಅವರದು ಕಟ್ಟಾ ಸಂಪ್ರದಾಯವಾದಿ ನಿಲುವು: 2010ರಲ್ಲಿ ನಿರುದ್ಯೋಗ ಭತ್ಯೆಯ ಅವಧಿ ವಿಸ್ತರಣೆಯನ್ನು ಒಬ್ಬರೇ ಕೆಲವು ದಿನ ತಡೆಹಿಡಿದರು. ಅದೇ ಬನಿಂಗ್, ಆಟಗಾರರಾಗಿದ್ದಾಗ, ಉಕ್ಕು ಕಾರ್ಮಿಕರ ಸಂಘದಿಂದ ಮಾರ್ವಿನ್ ಮಿಲ್ಲರ್ ಅವರನ್ನು 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥರಾಗಿ ಕರೆತಂದ ಕೆಲವರಲ್ಲಿ ಒಬ್ಬರು. ಫ್ಲಡ್ ಬೆನ್ನಿಗೆ ನಿಂತ ಸಂಘ, 1975ರಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಜ್ ಮುಂದೆ ವಾದಿಸಿ ರಿಸರ್ವ್ ಷರತ್ತನ್ನು ಮುರಿದ ಸಂಘ ಇದೇ. ಬನಿಂಗ್ ಅವರನ್ನು ಯಾವ ಖಾನೆಗೆ ಹಾಕುತ್ತೀರಿ? ಎಬೆಟ್ಸ್ ಗ್ಯಾಲರಿಯವರು ರಾಬಿನ್ಸನ್ ಬಗ್ಗೆ ಹೇಳಿದ್ದು ಇವರಿಗೂ ಹೊಂದುತ್ತದೆ.

ಸೋತವರ ಸಾಲು ದೊಡ್ಡದು. 417 ಪಂದ್ಯ ಗೆದ್ದ ಪಿಚರ್ ವಾಲ್ಟರ್ ಜಾನ್ಸನ್ 1940ರಲ್ಲಿ ಮೇರಿಲ್ಯಾಂಡ್‌ನಿಂದ ಕಾಂಗ್ರೆಸ್‌ಗೆ ನಿಂತು ಸೋತರು. ಡಾಡ್ಜರ್ಸ್‌ನ ಸ್ಟೀವ್ ಗಾರ್ವಿ 2024ರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟ್ ಸ್ಥಾನಕ್ಕೆ ನಿಂತು ಆಡಮ್ ಷಿಫ್ ಎದುರು ಭಾರಿ ಅಂತರದಿಂದ ಸೋತರು. ಚಪ್ಪಾಳೆ ತಟ್ಟುವವರೆಲ್ಲ ಮತದಾರರಲ್ಲ, ಮತದಾರರಾದವರು ಪಕ್ಷ ನೋಡಿಯೇ ಗುಂಡಿ ಒತ್ತುತ್ತಾರೆ. ಬೇಸ್‌ಬಾಲ್‌ನಿಂದ ಅಧಿಕಾರಕ್ಕೆ ಹೋದ ಸುಗಮ ದಾರಿ ತಂಡದ ಮಾಲೀಕರ ಆಸನದಿಂದ ಹೊರಟದ್ದು, ಪಿಚರ್ ದಿಬ್ಬದಿಂದಲ್ಲ. ಜಾರ್ಜ್ ಬುಷ್ 1989ರಲ್ಲಿ ಟೆಕ್ಸಾಸ್ ರೇಂಜರ್ಸ್‌ನ ಪಾಲುದಾರರಾದರು. ಆರ್ಲಿಂಗ್ಟನ್ ನಗರದ ಜನ ಅರ್ಧ ಸೆಂಟಿನ ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿ ತಂಡಕ್ಕೆ ಹೊಸ ಮೈದಾನ ಕಟ್ಟಿಕೊಟ್ಟರು, ಅದು 1994ರಲ್ಲಿ ತೆರೆಯಿತು. ಆ ನವೆಂಬರ್‌ನಲ್ಲೇ ಬುಷ್ ಗವರ್ನರ್ ಚುನಾವಣೆ ಗೆದ್ದರು. ಈಗ ಪಕ್ಕದ ಆಸನದವನ ಮತವನ್ನು ತಿಳಿಯಲು ಬಯಸದ ಏಳನೇ ಇನಿಂಗ್ಸ್ ಅವರು, ಆ ಆಸನಕ್ಕೆ ಯಾರ ತೆರಿಗೆ ಹಣ ಹೋಗಿದೆ ಎಂಬುದನ್ನಾದರೂ ಕೇಳಬಹುದೇನೋ.

ಏಳನೇ ಇನಿಂಗ್ಸ್ ಬರೆದದ್ದು:

ಆ ಮಾತು ನಾಟಿತು. ಬುಷ್ ಚೆಂಡೆಸೆದಾಗ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದವನೇ, ಡೆಲ್ಗಾಡೋ ಮೇಲೆ ಸಿಟ್ಟಾದವನೂ ಹೌದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಸಮಾರಂಭಗಳೂ ರಾಜಕೀಯವೇ ಎನ್ನುವುದಾದರೆ, ಆಟಗಾರರ ಮಾತನ್ನು ಹೆಚ್ಚಿಸುವುದರ ಬದಲು ಸಮಾರಂಭಗಳನ್ನೇ ಕಡಿಮೆ ಮಾಡಿ ಎನ್ನುವುದು ನನ್ನ ನಿಲುವು. ಆಗ ಡೆಲ್ಗಾಡೋ ಎಲ್ಲಿ ಕುಳಿತಿದ್ದರೆಂದು ನೋಡುವ ಅಗತ್ಯವೇ ಯಾರಿಗೂ ಬರುತ್ತಿರಲಿಲ್ಲ.

ಹಳೆಯ ಸ್ಕೋರ್‌ಕಾರ್ಡ್ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಶ್ನೆ ತಪ್ಪಾಗಿತ್ತೆಂದು ಈಗ ಅನಿಸುತ್ತಿದೆ. ರಾಬಿನ್ಸನ್ ಯಾವ ಪಕ್ಷಕ್ಕೆ ಸೇರಿದ್ದರೆಂದು ಹುಡುಕುವ ಬದಲು ಅವರು ಪ್ರತಿ ಸಲ ಏನನ್ನು ಕೇಳಿದರೆಂದು ನೋಡಬೇಕಿತ್ತು. ಸಾಯುವುದಕ್ಕೆ ಒಂಬತ್ತು ದಿನ ಮೊದಲು, 1972ರ ಅಕ್ಟೋಬರ್ 15ರಂದು, ಸಿನ್ಸಿನಾಟಿಯ ವರ್ಲ್ಡ್ ಸೀರೀಸ್ ಪಂದ್ಯಕ್ಕೆ ಮುನ್ನ ಸನ್ಮಾನ ಸ್ವೀಕರಿಸಿದಾಗಲೂ ಅವರು ಧನ್ಯವಾದ ಹೇಳಿ ಸುಮ್ಮನಾಗಲಿಲ್ಲ; ಒಂದು ದಿನ ಮೂರನೇ ಬೇಸ್‌ನ ಕಡೆ ನೋಡಿದಾಗ ಅಲ್ಲಿ ಕಪ್ಪು ವರ್ಣೀಯ ಮ್ಯಾನೇಜರ್ ಕಂಡರೆ ಇನ್ನೂ ಸಂತೋಷಪಡುತ್ತೇನೆ ಎಂದರು. ಫ್ರ್ಯಾಂಕ್ ರಾಬಿನ್ಸನ್ ಮೇಜರ್ ಲೀಗ್‌ನ ಮೊದಲ ಕಪ್ಪು ವರ್ಣೀಯ ಮ್ಯಾನೇಜರ್ ಆಗಿ ಕ್ಲೀವ್‌ಲ್ಯಾಂಡ್ ಪರ ಮೈದಾನಕ್ಕಿಳಿದದ್ದು 1975ರ ಏಪ್ರಿಲ್‌ನಲ್ಲಿ.

ಎಡಗೈ ಪಿಚರ್ ಅವರಲ್ಲಿ ಒಂದು ಸಣ್ಣ ಪ್ರಶ್ನೆ: ಫ್ಲಡ್ ಮೊಕದ್ದಮೆ ನಡೆಯುವಾಗ ಅವರ ಪರ ಸಾಕ್ಷಿ ಹೇಳಲು ಆಟಗಾರರು ಬಂದಿದ್ದರೇ?

ಎಡಗೈ ಪಿಚರ್ ಬರೆದದ್ದು:

1969ರ ಡಿಸೆಂಬರ್‌ನಲ್ಲಿ ಪೋರ್ಟೋ ರಿಕೋದ ಸಭೆಯಲ್ಲಿ ತಂಡಗಳ ಪ್ರತಿನಿಧಿಗಳು ಫ್ಲಡ್‌ಗೆ ನೆರವಾಗಲು ಒಮ್ಮತದಿಂದ ತೀರ್ಮಾನಿಸಿದ್ದರು. ಆದರೆ 1970ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ, ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಅತ್ತ ಸುಳಿಯಲಿಲ್ಲ. ಬಂದವರು ನಿವೃತ್ತರು: ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಿದ್ದ, ತಲೆಗೂದಲು ಪೂರ್ತಿ ನರೆತಿದ್ದ ಜಾಕಿ ರಾಬಿನ್ಸನ್ ಕೂಡ ಬಂದು ಸಾಕ್ಷಿಯ ಕಟಕಟೆ ಹತ್ತಿದರು.